ಗೆಳೆಯ ಕ್ಯಾಪ್ಟನ್ ಆದಾಗ

ಜರ್ಮನಿಯಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಗುಂಪಿನಲ್ಲಿ ಒಬ್ಬನಿಗೆ ಹಾಯಿದೋಣಿ ನಡೆಸುವ ಲೈಸೆನ್ಸ್ ಸಿಕ್ಕಿತು. ಮೆತ್ತನೆಯ ಮನುಷ್ಯ, ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು. ಇಂಥವನ ಜೊತೆ ಸಮುದ್ರಕ್ಕಿಳಿದರೆ ಭಯವೇನು ಎಂದುಕೊಂಡು ಜುಲೈ ತಿಂಗಳಲ್ಲಿ ಗ್ರೀಸಿಗೆ ಹೊರಟೆವು. ಅಥೆನ್ಸಿನ ಪಕ್ಕದ ಆಲಿಮೋಸ್ ಬಂದರಿನಲ್ಲಿ ದೋಣಿ ಹತ್ತಿದ್ದೇ ತಡ, ಅವನ ಗಂಟಲಿನಿಂದ ಯಾರದೋ ದನಿ ಹೊರಟಿತು. “ಹಗ್ಗ ಬಿಡೋ! ಆ ಹಗ್ಗ ಅಲ್ವೋ!”

ಹಾಯಿದೋಣಿಯಲ್ಲಿ ಹಗ್ಗಗಳಿಗೆ ಲೆಕ್ಕವಿಲ್ಲ, ಒಂದೊಂದಕ್ಕೂ ಒಂದೊಂದು ಹೆಸರು. ನಾವು ಸುಲಭಕ್ಕೆ ಕೆಂಪು ಚುಕ್ಕೆಯದು, ನೀಲಿ ಗೆರೆಯದು ಎಂದು ಗುರುತಿಟ್ಟುಕೊಂಡೆವು. ನಮ್ಮಲ್ಲಿ ಮಲ್ಪೆಯವನೊಬ್ಬನಿದ್ದ. ಕಡಲಿನ ವಿಷಯ ಬಂದಾಗಲೆಲ್ಲ ಎಲ್ಲರೂ ಭಕ್ತಿಯಿಂದ ಅವನ ಮುಖ ನೋಡುತ್ತಿದ್ದೆವು. ಅವನ ಕಡಲ ಅನುಭವವೆಲ್ಲ ಬಂಗುಡೆಯ ಮೂಲಕ ಬಂದದ್ದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಬೇಸಿಗೆಯಲ್ಲಿ ಆ ಕಡೆ ಉತ್ತರದಿಂದ ಬೀಸುವ ಗಾಳಿಗೆ ಮೆಲ್ಟೆಮಿ ಎನ್ನುತ್ತಾರೆ. ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ, ಗಾಳಿ ಮಾತ್ರ ಟೋಪಿ ಕಿತ್ತುಕೊಂಡು ಹೋಗುತ್ತದೆ. ತೆಂಕಣಕ್ಕೆ ಹೋಗುವ ನಮಗೆ ಬೆನ್ನಿಗೆ ಗಾಳಿ, ಆರು ನಾಟ್ ವೇಗ. ಕೇಳಲು ಗಂಭೀರವಾಗಿದೆ, ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 11 ಕಿಲೋಮೀಟರ್, ಶಾಲೆಗೆ ತಡವಾಗದ ಹುಡುಗನ ಸೈಕಲ್ಲಿನಷ್ಟು. ಪಿರೇಯಸ್ ಬಂದರಿನಿಂದ ಈಜಿನಾ ದ್ವೀಪಕ್ಕೆ ಜನ ದೊಡ್ಡ ಫೆರ್ರಿಯಲ್ಲಿ ಒಂದು ಗಂಟೆಯ ಆಚೀಚೆ ಮುಟ್ಟುತ್ತಾರೆ. ನಾವು ಅವರಿಗಿಂತ ಎಷ್ಟೋ ಪಟ್ಟು ಹಣ ಕೊಟ್ಟು ಅರ್ಧ ದಿನ ತೆಗೆದುಕೊಂಡೆವು, ಜೊತೆಗೆ ಕೂಲಿಯನ್ನೂ ನಾವೇ ಮಾಡಿದೆವು. ಈಜಿನಾದ ಪಿಸ್ತಾ ಲೋಕಪ್ರಸಿದ್ಧ. ಕಡಲು ಕಲಕಿದ ಹೊಟ್ಟೆಗೆ ಅದೇ ಪ್ರಸಾದ.

ಅಡುಗೆಯದು ಇನ್ನೊಂದು ಕತೆ. ದೋಣಿ ಓರೆಯಾದಾಗ ಒಲೆ ತೂಗಾಡಿ ತನ್ನಷ್ಟಕ್ಕೆ ಮಟ್ಟವಾಗಿ ನಿಲ್ಲುವಂತೆ ಮಾಡಿರುತ್ತಾರೆ. ಅಡುಗೆಯವನಿಗೆ ಆ ಸೌಲಭ್ಯವಿಲ್ಲ. ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದವನು ಬಾಣಲೆಯ ಎದುರು ತಾನೇ ತೂಗಾಡುತ್ತಿದ್ದ, ಸಾಸಿವೆ ಕೊನೆಯ ದಿನದವರೆಗೂ ಹಾಸಿಗೆಯಲ್ಲಿ ಸಿಗುತ್ತಿತ್ತು. ಶೌಚಾಲಯದ ಬಗ್ಗೆ ಕ್ಯಾಪ್ಟನ್ ಕೊಟ್ಟ ಉಪನ್ಯಾಸ, ಮುಳುಗಿದರೆ ಏನು ಮಾಡಬೇಕೆಂಬ ಉಪನ್ಯಾಸಕ್ಕಿಂತ ಉದ್ದವಾಗಿತ್ತು. ಕೈಯಲ್ಲಿ ಪಂಪು ಒತ್ತಬೇಕು, ಕಾಗದ ಹಾಕಕೂಡದು, ಕಟ್ಟಿಕೊಂಡರೆ ಕಟ್ಟಿಸಿದವನೇ ಬಿಚ್ಚಬೇಕು. ಅಂದಿನಿಂದ ಎಲ್ಲರೂ ಮಿತಾಹಾರಿಗಳಾದೆವು.

ನಿಜವಾದ ನಾಟಕ ನಡೆದದ್ದು ಹೈಡ್ರಾದಲ್ಲಿ. ಕಸದ ಲಾರಿಯಂಥ ಒಂದೆರಡನ್ನು ಬಿಟ್ಟರೆ ಆ ದ್ವೀಪದಲ್ಲಿ ವಾಹನಗಳಿಲ್ಲ, ಸಾಮಾನು ಹೊರುವುದು ಕತ್ತೆ, ಹೇಸರಗತ್ತೆ. ಗಾಯಕ ಲಿಯೊನಾರ್ಡ್ ಕೊಹೆನ್ 1960ರಲ್ಲಿ ಇಲ್ಲಿ ಮನೆ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ನಿಶ್ಶಬ್ದವೆಲ್ಲ ಊರೊಳಗೆ. ಬಂದರು ಬಲು ಕಿರಿದು. ಮುಂದುಗಡೆಯಿಂದ ಲಂಗರು ಇಳಿಸಿ, ಹಿಂದೆ ಹಿಂದೆ ಸರಿದು, ದಡದ ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಕಟ್ಟೆಯುದ್ದಕ್ಕೂ ಕೆಫೆಗಳು. ತಣ್ಣನೆಯ ಕಾಫಿ ಹಿಡಿದು ಕೂತವರು ಹೊಸ ದೋಣಿ ಬಂದರೆ ಕುರ್ಚಿ ತಿರುಗಿಸಿಕೊಳ್ಳುತ್ತಾರೆ. ನೀರಿನಡಿ ಎಲ್ಲರ ಸರಪಳಿಗಳೂ ಒಂದರ ಮೇಲೊಂದು ಬಿದ್ದಿರುತ್ತವೆ. ಮರುದಿನ ಬೆಳಿಗ್ಗೆ ನಮ್ಮ ಲಂಗರು ಎತ್ತಿದರೆ ಪಕ್ಕದ ಇಟಲಿಯವರದೂ ಎದ್ದು ಬಂತು. ಅವರು ಇಟಾಲಿಯನ್ನಿನಲ್ಲಿ ಕೂಗಿದರು, ಯಾರೋ ಫ್ರೆಂಚಿನಲ್ಲಿ ಸಲಹೆ ಕೊಟ್ಟರು. ನಮ್ಮ ಮಲ್ಪೆಯವನಿಗೆ ಎಲ್ಲಿಂದ ಆವೇಶ ಬಂತೋ, ಅಚ್ಚ ತುಳುವಿನಲ್ಲಿ ಉತ್ತರ ಕೊಟ್ಟ. ಇಟಲಿಯವರು ಕೂಡಲೇ ತಣ್ಣಗಾದರು.

ವಾಪಸು ಬರುವಾಗ ಮೆಲ್ಟೆಮಿ ಎದುರಾಯಿತು. ಹಾಯಿಯಿಂದ ಗಾಳಿಗೆ ನೇರ ಎದುರು ಹೋಗುವಂತಿಲ್ಲ, ಎಡಕ್ಕಷ್ಟು ಬಲಕ್ಕಷ್ಟು ಓರೆಯಾಗಿ ಸಾಗಬೇಕು. ಮಧ್ಯಾಹ್ನವೆಲ್ಲ ಓರೆ ಸಾಗಿ ಕಣ್ಣೆತ್ತಿದರೆ ಬೆಳಗಿನ ಅದೇ ಗುಡ್ಡ. ಆಗ ಕ್ಯಾಪ್ಟನ್‌ಗೆ ತನ್ನ ಹಳೆಯ ದನಿ ಮರಳಿತು. “ಎಂಜಿನ್ ಹಾಕೋಣ್ವಾ, ಏನಂತೀರಿ?” ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದ. ನಾವೆಲ್ಲ ಕೈ ಎತ್ತಿದೆವು. ಅದನ್ನು ಅವನು ದೋಣಿಯ ದಿನಚರಿಯಲ್ಲಿ “ಸರ್ವಾನುಮತದಿಂದ” ಎಂದು ಬರೆದುಕೊಂಡು, ಕೆಳಗೆ ನಮ್ಮೆಲ್ಲರ ಸಹಿಯನ್ನೂ ತೆಗೆದುಕೊಂಡ.