ರಾವೂರದಾಗ ಮೈನಸ್ ಹತ್ತು

ನಮ್ಮ ರಾವೂರದವರಿಗೆ ಥಂಡಿಯ ಬಗ್ಗೆ ಮಾತಾಡುವ ಹಕ್ಕೇ ಇಲ್ಲ ಅಂತ ಬೆಂಗಳೂರಿನ ಬೀಗರು ತೀರ್ಮಾನಿಸಿದ್ದಾರೆ. ಬ್ಯಾಸಗಿಯಲ್ಲಿ ಪಾರಾ 42 ದಾಟುವ ಊರು, ಸುತ್ತ ಕಲ್ಲಿನ ಖಣಿ, ಆಚೆಗೆ ವಾಡಿಯ ಸಿಮೆಂಟು. ಇಂಥಾ ಊರಿನ ಗಂಡಸು ಮೈನಸ್ ಹತ್ತು ಡಿಗ್ರಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಯಾಕೆ ಕೊಂಡ ಅಂತ ದಯವಿಟ್ಟು ಕೇಳಬೇಡಿ. ಅರಿವೆ ಒಣಹಾಕಲು ನಿಮ್ಮ ಮನೆಯಲ್ಲೂ ಒಂದು ಟ್ರೆಡ್‌ಮಿಲ್ ಇದ್ದೇ ಇರುತ್ತದೆ.

ನನಗೆ ಬೇಕಿದ್ದದ್ದು ಚಿಂಚೋಳಿ ಕಾಡಿನಲ್ಲಿ ಒಂದು ರಾತ್ರಿ ಮಲಗಲು ಏನಾದರೂ ಹೊದಿಕೆ. ಆದರೆ ಬೆಂಗಳೂರಿನ ಅಂಗಡಿಯ ಹುಡುಗ, “ಯಾವ ಟ್ರೆಕ್ ಸರ್?” ಅಂತ ಕೇಳಿಬಿಟ್ಟ. ಅವನ ಹಿಂದೆ ಗೋಡೆಯ ತುಂಬಾ ಹಿಮದ ಬೆಟ್ಟದ ಚಿತ್ರ. ಅದರ ಮುಂದೆ ನಿಂತು ಚಿಂಚೋಳಿ ಅನ್ನಲು ನಾಲಿಗೆ ಏಳಲಿಲ್ಲ. “ಈ ಸಲ ಹಿಮಾಲಯ” ಅಂದೆ. ಪಾಲಿಯೆಸ್ಟರ್ ತುಂಬಿದ್ದು ಅಗ್ಗ, ತೊಯ್ದರೂ ಅಷ್ಟಿಷ್ಟು ಬೆಚ್ಚಗಿರುತ್ತದೆ ಅಂತ ಪಾಪ ಅವನೇ ಹೇಳಿದ. ಹಿಮಾಲಯಕ್ಕೆ ಹೊರಟವನು ಅಗ್ಗದ್ದು ಕೊಳ್ಳುತ್ತಾನೆಯೇ? ಬಾತುಕೋಳಿಯ ಎದೆಯ ತುಪ್ಪಳ ತುಂಬಿದ್ದನ್ನೇ ಎತ್ತಿಕೊಂಡೆ. 800 ಫಿಲ್ ಪವರ್. ಅಂದರೆ 28 ಗ್ರಾಂ ತುಪ್ಪಳ ಅರಳಿ ನಿಂತರೆ 13 ಲೀಟರ್ ಜಾಗ ಹಿಡಿಯುತ್ತದೆ, ಹೆಚ್ಚುಕಡಿಮೆ ಒಂದು ಕೊಡ. 1922ರಲ್ಲಿ ಎವರೆಸ್ಟಿಗೆ ಹೋದ ಜಾರ್ಜ್ ಫಿಂಚ್ ತುಪ್ಪಳ ತುಂಬಿದ ಕೋಟು ಹೊಲಿಸಿಕೊಂಡಾಗ ಜೊತೆಗಾರರು ನಕ್ಕಿದ್ದರಂತೆ. ಥಂಡಿ ಹತ್ತಿದ ಮೇಲೆ ನಗು ನಿಂತಿತು. ಈ ಕಥೆಯನ್ನು ಮನೆಯಲ್ಲಿ ಹೇಳಲೆಂದು ವಾಡಿ ಸ್ಟೇಷನ್ ಬರುವತನಕ ಬಾಯಿಪಾಠ ಮಾಡಿದೆ.

ಹೆಂಡತಿ ಚೀಲವನ್ನು ಹಿಂದೆ ಮುಂದೆ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದಳು: “ಇದರ ಪ್ಲಗ್ ಎಲ್ಲದರಿ?”

ನಾನು ನಕ್ಕೆ. ಫಿಂಚ್ ಕಥೆ ಹೇಳಿದೆ. ಅವಳು ಅರ್ಧಕ್ಕೇ ಎದ್ದು ರೊಟ್ಟಿ ಬಡಿಯಲು ಹೋದಳು. ಪ್ಲಗ್ ಇಲ್ಲ ನೋಡಿ, ಇಡೀ ತಾಪತ್ರಯ ಇರುವುದೇ ಅಲ್ಲಿ. ಈ ಚೀಲ ತಾನಾಗಿ ಒಂದು ಚೂರೂ ಕಾಯುವುದಿಲ್ಲ. ಒಳಗೆ ಮಲಗಿದವನ ಮೈಶಾಖವನ್ನೇ, ತುಪ್ಪಳದ ನಡುವೆ ಸಿಕ್ಕಿಬಿದ್ದ ಗಾಳಿ, ಹೊರಗೆ ಹೋಗದಂತೆ ತಡೆಯುತ್ತದೆ. ಇಷ್ಟು ದುಡ್ಡು ಕೊಟ್ಟು ನನ್ನ ಶಾಖ ನಾನೇ ವಾಪಸು ಪಡೆಯುವ ವ್ಯವಹಾರ!

ಡಿಸೆಂಬರಿನಲ್ಲಿ ಪಡಸಾಲೆಯಲ್ಲೇ ತಾಲೀಮು ಇಟ್ಟುಕೊಂಡೆ. ನೆಲಕ್ಕೆ ಶಹಾಬಾದಿನ ಪರ್ಸಿ. ಎದೆ ಬೆಚ್ಚಗೆ, ಬೆನ್ನು ಮಾತ್ರ ಬರಫ. ಕಾರಣ ಸರಳ: ಮೈಭಾರಕ್ಕೆ ಕೆಳಗಿನ ತುಪ್ಪಳ ಅಪ್ಪಚ್ಚಿಯಾದರೆ ಗಾಳಿ ಎಲ್ಲಿ ನಿಂತೀತು? ನಮ್ಮವ್ವ ಫಿಲ್ ಪವರ್ ಓದಿದವಳಲ್ಲ. ಕತ್ತಲಲ್ಲೇ ಒಂದು ಕೌದಿ ಎಸೆದು, “ಬುಡಕ ಹಾಸ್ಕೋ ಹುಚ್ಚಪ್ಪ” ಅಂದಳು. ನಡುರಾತ್ರಿ ಜಿಪ್ಪು ಸಿಕ್ಕಿಕೊಂಡಿತು, ಅದೇ ಹೊತ್ತಿಗೆ ಅವಸರವೂ ಆಯಿತು. ಚೀಲದ ಸಮೇತ ಕುಪ್ಪಳಿಸುತ್ತ ಬಚ್ಚಲಿಗೆ ಹೋದದ್ದನ್ನು ಮಗಳು ಮೊಬೈಲಿನಲ್ಲಿ ಹಿಡಿದಿದ್ದಾಳೆ. ಬೀಗರೂ ನೋಡಿದ್ದಾರೆ.

ಶ್ರಾವಣ ಬಂತು. ಅನುಮತಿ ಪಡೆದು, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯ ಚಂದ್ರಂಪಳ್ಳಿ ಡ್ಯಾಮಿನ ಕಡೆಗೆ ಹೊರಟೆವು. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು. ನಮ್ಮ ಬಿಸಲುನಾಡಿನಲ್ಲೂ ಇಷ್ಟು ಹಸಿರಿದೆ ಅಂದರೆ ಬೀಗರು ಇನ್ನೂ ನಂಬುವುದಿಲ್ಲ. ಜಿಟಿಜಿಟಿ ಮಳೆ. ಹೆಂಡತಿ ತವರಿನಿಂದ ತಂದ ಕರಿ ಕಂಬಳಿ ಕಾರಿಗೆ ಹಾಕಿದಳು. “ಅಡವ್ಯಾಗ ಅದನ್ನ ಹೊತಗೊಂಡರ ಮಂದಿ ಏನಂತಾರ” ಅಂದೆ. ಅವಳು ಸುಮ್ಮನಿದ್ದಳು. ಮದುವೆಯಾದವರಿಗೆ ಆ ಸುಮ್ಮನಿರುವಿಕೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮೆತ್ತಗಿದೆಯೆಂದು ತಗ್ಗು ಹುಡುಕಿ ಟೆಂಟು ಹೊಡೆದೆ. ಹೊರಗೆ ಹೆಚ್ಚೆಂದರೆ 22 ಡಿಗ್ರಿ, ನಾನು ಮೈನಸ್ ಹತ್ತರೊಳಗೆ. ಸ್ವಲ್ಪ ಹೊತ್ತಿಗೇ ಬೆವರಿನ ಧಾರೆ. ಆದರೂ ಹೊರಬಂದರೆ ಮರ್ಯಾದೆ ಏನಾದೀತು? ಮೂತಿಯನ್ನೂ ಒಳಗೆ ಎಳೆದುಕೊಂಡು ಉಸಿರಿನ ಹಬೆಯನ್ನೂ ಚೀಲಕ್ಕೇ ಉಣಿಸಿದೆ. ಬೆವರು, ಉಸಿರು, ಆಮೇಲೆ ತಗ್ಗಿಗೆ ಇಳಿದು ಬಂದ ಮಳೆನೀರು. ತೊಯ್ದ ತುಪ್ಪಳ ಮುದ್ದೆಗಟ್ಟುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ. ಕೊಡ ತುಂಬಬೇಕಾದದ್ದು ಒಂದು ಹಿಡಿಯಾಯಿತು. ಬೆಳಗಿನ ಜಾವ ಹಲ್ಲು ಕಟಕಟ. ಕಂಬಳಿಗೂ ನೀರು ಬಡಿದಿತ್ತು, ಆದರೆ ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ಪಸೆ ಹೀರಿಕೊಂಡರೂ ಮೈಗೆ ತಣ್ಣಗಾಗುವುದಿಲ್ಲ. ಅದರೊಳಗಿಂದ ಗೊರಕೆ ಕೇಳುತ್ತಿತ್ತು. ನಾನು ತುದಿ ಹಿಡಿದು ಮೆಲ್ಲಗೆ ಎಳೆದೆ.

“ಮಂದಿ ಏನಂತಾರ್ರಿ?” ಅಂತು ಕಂಬಳಿ.

ಮನೆಗೆ ಬಂದ ಮೇಲೆ ಆದದ್ದು ಬೇರೆಯೇ ಪುರಾಣ. ತುಪ್ಪಳದ ಚೀಲವನ್ನು ಹಿಂಡಬಾರದು, ಮಡಚಿ ಒತ್ತಿ ಇಡಬಾರದು, ಸಾವಕಾಶ ಒಣಗಿಸುತ್ತ ಗಂಟುಗಳನ್ನು ಕೈಯಿಂದ ಬಿಡಿಸಬೇಕು. ನಾನು ಒದ್ದೆಯನ್ನೇ ಡಬ್ಬಿಯಂಥ ಪುಟ್ಟ ಚೀಲಕ್ಕೆ ತುರುಕಿ ಮರೆತಿದ್ದೆ. “ಏನ್ರಿ, ಅಟ್ಟದ ಮ್ಯಾಲೆ ಏನೋ ಸತ್ತದ” ಅಂದಾಗಲೇ ನೆನಪು. ಮಾಳಿಗೆಯಲ್ಲಿ ಹರವಿ, ಕೌದಿ ಬಡಿಯುವ ಕೋಲಿನಿಂದ ನಾಲ್ಕು ಬಿಗಿದೆ. ಹೊಲಿಗೆ ಬಿಚ್ಚಿತು.

ಬಿಳಿ ತುಪ್ಪಳ ಓಣಿಯ ತುಂಬಾ ಹಾರಾಡಿ, ಒಂದು ಎಸಳು ನೇರ ನಮ್ಮವ್ವನ ತಾಟಿನ ರೊಟ್ಟಿಯ ಮೇಲೆ ಕುಳಿತಿತು. ನಮ್ಮದು ತತ್ತಿ ಅನ್ನುವ ಮಾತೂ ಹೊಸ್ತಿಲು ದಾಟಿ ಬಾರದ ಮನೆ.

“ಏನೋ ಇದು?”

“ಹತ್ತಿ, ಯವ್ವಾ.”

“ಎರಿ ಹೊಲದಾಗ ಹತ್ತಿ ಬಿಡಿಸಿ ಕೈ ಸವದಾವ ನಂದು. ಇದು ಯಾವ ಹತ್ತಿ?”

“ಹಿಮಾಲಯದ ಹತ್ತಿ.”

ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡು ಹೆಂಡತಿ ಹಿತ್ತಲಿಗೆ ಓಡಿದಳು.

ಚೀಲಕ್ಕೆ ತೇಪೆ ಹಾಕಿಸಿದ್ದೇನೆ, ವಾಸನೆಯೂ ಬಹುಪಾಲು ಹೋಗಿದೆ. ನಿಮ್ಮಲ್ಲಿ ಯಾರಾದರೂ ಖರೇನೇ ಹಿಮಾಲಯಕ್ಕೆ ಹೊರಟಿದ್ದರೆ ಬಂದು ಒಯ್ಯಿರಿ, ಬಾಡಿಗೆ ಬೇಡ. ನಮ್ಮವ್ವನ ಮುಂದೆ ಮಾತ್ರ ಬಾತುಕೋಳಿಯ ಸುದ್ದಿ ತೆಗೆಯಬೇಡಿ.