ನವ್ಯ ವೈಶೇಷಿಕ ದರ್ಶನ

ಕಣಾದ ಮುನಿ ಎಣಿಸಿದ ಪದಾರ್ಥಗಳು ಆರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ. ಐದನೆಯದರ ಬಗ್ಗೆ ನಮ್ಮ ಕಲ್ಯಾಣ ಮಂಟಪಗಳಲ್ಲಿ ನಡೆದಷ್ಟು ಜಿಜ್ಞಾಸೆ ಕಾಶಿಯಲ್ಲೂ ನಡೆದಿರಲಾರದು. ಮದುವೆಯಾಗಿ ವರ್ಷ ಕಳೆದ ಹುಡುಗಿ ಕೈಗೆ ಸಿಕ್ಕಳೋ, ದೊಡ್ಡಮ್ಮನ ಬಾಯಿಂದ ಸೂತ್ರ ಹೊರಟಿತು: “ಏನಮ್ಮಾ, ಏನಾದ್ರೂ ವಿಶೇಷ?”

ಭಾಷ್ಯವೆಲ್ಲ ಕಣ್ಣಿನಲ್ಲಿದೆ. ಆ ಕಣ್ಣು ಮುಖದಿಂದ ಸೆರಗಿಗಿಳಿದು, ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಎರಡನೇ ಸಲ ಬಿತ್ತೇ ಎಂಬಲ್ಲಿ ನಿಲ್ಲುತ್ತದೆ. ವೈಶೇಷಿಕರು ಒಪ್ಪುವ ಪ್ರಮಾಣ ಎರಡೇ, ಪ್ರತ್ಯಕ್ಷ ಮತ್ತು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ, ಎಲೆಯಲ್ಲಿ ಉಪ್ಪಿನಕಾಯಿ ಕಂಡರೆ ಬಾಣಂತನ. ಶಬ್ದಕ್ಕೆ ಪ್ರತ್ಯೇಕ ಪ್ರಾಮಾಣ್ಯವಿಲ್ಲವಾದ್ದರಿಂದ ಹುಡುಗಿ “ಇಲ್ಲ ದೊಡ್ಡಮ್ಮ” ಎಂದದ್ದು ಲೆಕ್ಕಕ್ಕೆ ಬರುವುದಿಲ್ಲ. (ಪಕ್ಕದಲ್ಲಿ ಕೂತ ಗಂಡ ಮೂರು ಸಲ ಹಾಕಿಸಿಕೊಂಡರೂ ಅದು ಬರೀ ಉಪ್ಪಿನಕಾಯಿ. ಏಕೆಂಬುದನ್ನು ಯಾವ ಭಾಷ್ಯಕಾರನೂ ವಿವರಿಸಿಲ್ಲ.)

ಪೂರ್ವಪಕ್ಷ ಹಿರಿಯರದು: ವಿಶೇಷವಾದರೆ ದ್ರವ್ಯ ತಾನಾಗಿ ಬರುತ್ತದೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ? ಕಿರಿಯರು ಕಣಾದನ ಪಟ್ಟಿಯನ್ನೇ ತೋರಿಸುತ್ತಾರೆ. ಅಲ್ಲಿ ದ್ರವ್ಯ ಮೊದಲು, ವಿಶೇಷ ಐದನೆಯದು. ಫ್ಲ್ಯಾಟಿನ ಕಂತು, ಆನ್‌ಸೈಟು, ಎಲ್‌ಕೆಜಿ ಡೊನೇಶನ್ನು ಇವೆಲ್ಲ ದ್ರವ್ಯದ ಪ್ರಭೇದಗಳು. ಬಾಣಂತನಕ್ಕೆ ಊರಿಂದ ಬಂದು ಆರು ತಿಂಗಳು ಇರಬಲ್ಲ ಅಮ್ಮನನ್ನು ಸಮವಾಯದಲ್ಲಿ ಸೇರಿಸಬೇಕೆಂದು ನನ್ನ ಮತ.

ಸರ್ಕಾರದ ನಿಲುವು ಯಾವತ್ತೂ ಕಿರಿಯರ ಕಡೆಗೇ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳಿಗೆ ಮಂಜೂರಾತಿ ಕೊಟ್ಟಿತ್ತು. ಆಮೇಲೆ ಕೆಂಪು ತ್ರಿಕೋನ ಬಂತು, “ಆರತಿಗೊಂದು, ಕೀರ್ತಿಗೊಂದು” ಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಅಂದರೆ ಆರತಿ ಪೂರ್ತಿ ಬಂದಿದ್ದಾಳೆ, ಕೀರ್ತಿ ಹತ್ತರಲ್ಲಿ ಏಳು ಪಾಲು. ಆಗ ಎರಡು ಸಾಕೆಂದು ಆಪರೇಷನ್ ಮಾಡಿಸಿಕೊಂಡ ದೊಡ್ಡಮ್ಮನೇ ಈಗ “ಒಂದಕ್ಕೆ ನಿಲ್ಲಿಸಬೇಡ” ಎನ್ನುತ್ತಾರೆ.

ಮುಂದಿನ ಪಂಡಿತರು ಏಳನೆಯ ಪದಾರ್ಥ ಸೇರಿಸಿದರು, ಅಭಾವ. “ಇನ್ನೂ ಇಲ್ಲ” ಎಂಬುದು ಪ್ರಾಗಭಾವ, “ಬೇಡವೇ ಬೇಡ” ಎಂಬುದು ಅತ್ಯಂತಾಭಾವ. ಇವೆರಡರ ನಡುವೆ, ಬೇಕೆಂದು ಆಸ್ಪತ್ರೆ ಸುತ್ತುತ್ತ ಯಾರಿಗೂ ಹೇಳದೆ ಇರುವ ದಂಪತಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಸೂತ್ರ ಅವರಿಗೂ ಅದೇ.

ಓದುಗರಲ್ಲಿ ಮನವಿ ಇಷ್ಟೇ: ಮುಂದಿನ ಮದುವೆಯೂಟದಲ್ಲಿ ಪಕ್ಕದ ಎಲೆಯ ಹುಡುಗಿ ಮತ್ತೆ ಉಪ್ಪಿನಕಾಯಿ ಕೇಳಿದರೆ, ಮಿಡಿ ಚೆನ್ನಾಗಿದೆ ಎಂದು ತಿಳಿದು ನೀವೂ ಒಂದು ಹಾಕಿಸಿಕೊಳ್ಳಿ.