ಬದುವಿನ ಹಲಸು: ಆಸ್ತಿಶಾಸ್ತ್ರಕ್ಕೊಂದು ಹಾಗಲವಾಡಿ ಭಾಷ್ಯ

ಆಸ್ತಿ ಮೂರು ಬಗೆ: ಸ್ಥಿರ, ಚರ, ಬೌದ್ಧಿಕ. ಕಾನೂನು ಕಾಲೇಜಿನವರು ಇದನ್ನು ಕಲಿಸಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಗುಬ್ಬಿ ತಾಲ್ಲೂಕು ಹಾಗಲವಾಡಿ ಹೋಬಳಿಯ ಯಾವ ಹಳ್ಳಿಯಲ್ಲಾದರೂ ಸಿಗುವ ಬದುವಿನ ಹಲಸಿನ ಮರ ಒಂದೇ ಬೇಸಿಗೆಯಲ್ಲಿ ಕಲಿಸಿಬಿಡುತ್ತದೆ. ಫೀಸು ಇಷ್ಟೇ: ದಾಯಾದಿಗಳ ನಡುವೆ ಮಾತು ನಿಲ್ಲುತ್ತದೆ.

ಪೂರ್ವಪಕ್ಷ: ಮರಕ್ಕೆ ಬೇರಿದೆ, ಬೇರು ನೆಲದಲ್ಲಿದೆ, ಆದ್ದರಿಂದ ಮರ ಸ್ಥಿರಾಸ್ತಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇದಕ್ಕೆ ಹೂಂ ಎನ್ನುತ್ತಲೇ ಒಂದು ಕೊಕ್ಕೆ ಹಾಕುತ್ತದೆ. ಕಡಿಯಲು ನಿಂತ ನಾಟಾ ಮರ, ಬೆಳೆದು ನಿಂತ ಪೈರು, ಹುಲ್ಲು ಇವು ಸ್ಥಿರಾಸ್ತಿಯಲ್ಲವಂತೆ. ಹಾಗಾದರೆ ಹಲಸು? ಹಣ್ಣಿಗೆಂದು ಬಿಟ್ಟುಕೊಂಡರೆ ಸ್ಥಿರ. ಸಾಮಿಲ್‌ನವನು ಬಂದು ಬುಡ ತಟ್ಟಿ ರೇಟು ಕುದುರಿಸಿ ಅಡ್ವಾನ್ಸ್ ಕೊಟ್ಟನೋ, ಅದೇ ಮರ ನಿಂತ ನಿಲುವಿನಲ್ಲೇ ಚರ! 1958ರ ಶಾಂತಾಬಾಯಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಈ ಭೇದವನ್ನು ಬಿಡಿಸಿದ್ದಾರೆ: ಬೇಗನೆ ಕಡಿಯುವ ಉದ್ದೇಶವಿದ್ದರೆ ನಾಟಾ, ಇನ್ನೂ ನೆಲದ ಸಾರ ಹೀರಿ ಬೆಳೆಯಲೆಂದು ಬಿಟ್ಟರೆ ಮರ. ಅಂದರೆ ಸ್ಥಾವರವೋ ಜಂಗಮವೋ ಎಂಬುದು ಮರದ ಬೇರಿನಲ್ಲಿಲ್ಲ, ಯಜಮಾನನ ಸಾಲದಲ್ಲಿದೆ.

ಇನ್ನು ಹಣ್ಣು. 1908ರ ನೋಂದಣಿ ಕಾಯ್ದೆಯ ಪ್ರಕಾರ ಮರದಲ್ಲಿ ತೂಗುವ ಹಣ್ಣೂ ಮರದೊಳಗಿನ ರಸವೂ ಚರಾಸ್ತಿ. ಮಾರ್ಚಿಯಿಂದ ಜೂನಿನವರೆಗೆ ಅಲ್ಲಾಡದೆ ಕಾಂಡಕ್ಕೆ ಅಂಟಿಕೊಂಡಿರುವ ಹತ್ತು ಕೇಜಿ ಕಾಯಿ ಚರ. ಗಾಳಿಗೆ ಹಗಲೂ ರಾತ್ರಿ ತೊನೆಯುವ ಕೊಂಬೆ ಸ್ಥಿರ. ಶಾಸ್ತ್ರಕ್ಕೆ ಕಣ್ಣಿಲ್ಲ ಎಂದು ಇಲ್ಲಿ ಯಾರೂ ಗೇಲಿ ಮಾಡಕೂಡದು. ಅದಕ್ಕೆ ಉಪಯೋಗವಿದೆ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿ ಮಾರಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಹಲಸಿನಕಾಯಿಯನ್ನು ಚೇಳೂರು ಸಂತೆಯಲ್ಲಿ ಗೋಣಿ ಹಾಸಿ ಮಾರಬಹುದು.

ಕಳ್ಳತನದ ಪ್ರಕರಣ ಇನ್ನೂ ಸೂಕ್ಷ್ಮ. ನೆಲಕ್ಕಂಟಿದ್ದನ್ನು ಕದಿಯಲು ಸಾಧ್ಯವಿಲ್ಲ. ಬೇರ್ಪಡಿಸಿದ ಕ್ಷಣದಲ್ಲಿ ಅದು ಕದಿಯಲು ಯೋಗ್ಯವಾಗುತ್ತದೆ. 1860ರ ದಂಡ ಸಂಹಿತೆ ಹೀಗೆಂದಿತ್ತು, 2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯೂ ಹೀಗೇ ಅನ್ನುತ್ತದೆ. ಕೊಡಲಿ ಬುಡಕ್ಕೆ ಬಿದ್ದು ಮರ ಕಡಿದು ಬೀಳುವವರೆಗೆ ಆತ ಕಳ್ಳನಲ್ಲ ಎಂದರೆ, ಆ ಅವಧಿಯಲ್ಲಿ ಅವನನ್ನು ಏನೆಂದು ಕರೆಯಬೇಕು? ಹಾಗಲವಾಡಿ ಕಡೆ ಅದಕ್ಕೆ ಪದಗಳ ಕೊರತೆಯಿಲ್ಲ. ಭಾಷ್ಯದಲ್ಲಿ ಬರೆಯುವಂಥವಲ್ಲ.

ಬದುವಿನ ವ್ಯಾಜ್ಯಕ್ಕೆ ಬರೋಣ. ಕೊಂಬೆ ಪಕ್ಕದ ಹೊಲದ ಮೇಲೆ ಚಾಚಿದೆ.

"ನೆರಳು ಬಿದ್ದು ರಾಗಿ ತೆನೆ ಕಟ್ಟಾಕಿಲ್ಲ ಕಣಣ್ಣ, ರೆಂಬೆ ಸವರ್ಸು."

"ಮರ ನಂದು ಕಣಪ್ಪ. ನೆರಳು ಬೇಕಾದ್ರೆ ನೀನೇ ಇಟ್ಕೋ."

ಈ ಸಂವಾದದ ಮುಂದೆ ಇಂಗ್ಲೆಂಡಿನ ನ್ಯಾಯಾಲಯವೂ ತಲೆ ಕೆಡಿಸಿಕೊಂಡಿದೆ. ತನ್ನ ಜಾಗಕ್ಕೆ ಚಾಚಿದ ಕೊಂಬೆಯನ್ನು ಪಕ್ಕದವನು ಕಡಿಯಬಹುದು, ಆದರೆ ಅದರಲ್ಲಿದ್ದ ಹಣ್ಣು ಮರದವನದೇ ಎಂದು 1919ರಲ್ಲಿ ಸೇಬಿನ ಮರವೊಂದರ ಮೇಲೆ ತೀರ್ಪಾಯಿತು. ಸೇಬು ಸಣ್ಣದು. ಹಲಸು ತಲೆ ಮೇಲೆ ಬಿದ್ದಿದ್ದರೆ ತೀರ್ಪು ಬೇರೆಯಾಗುತ್ತಿತ್ತೆಂಬುದು ಈ ಭಾಷ್ಯಕಾರನ ವಿನಮ್ರ ಮತ.

ಮರದ ಯಜಮಾನ ಯಾರು ಎಂಬುದು ಪಹಣಿಯ 9ನೇ ಕಾಲಂನಲ್ಲಿದೆ, ಉಳುವವನ ಹೆಸರು 12ರಲ್ಲಿದೆ, ಜಗಳ ಎರಡರ ನಡುವೆ ಇದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಮಗಳ ಹೆಸರು ಸೇರಿಸಲು ಕರ್ನಾಟಕಕ್ಕೆ 1994 ಆಗಬೇಕಾಯಿತು, ದೇಶಕ್ಕೆ 2005. ಅಲ್ಲಿಯವರೆಗೆ ತಂಗಿಗೆ ಬರುತ್ತಿದ್ದದ್ದು ವರ್ಷಕ್ಕೊಂದು ಹಣ್ಣು. ಈಗಲೂ ಹಲವು ಮನೆಗಳಲ್ಲಿ ಹಣ್ಣಿನ ಜೊತೆಗೆ ಸಹಿ ಹಾಕಿಸಿಕೊಳ್ಳುವ ಕಾಗದವೂ ಬರುತ್ತದೆ. ಪಾಳೇಗಾರರ ಕಾಲದಲ್ಲಿ ಈ ಗೋಜಲಿರಲಿಲ್ಲ. ಹಾಗಲವಾಡಿ ನಾಯಕರ ಕುದುರೆ ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಚೆಕ್ಕುಬಂದಿ. 1963ರ ಕಾಲಮಿತಿ ಕಾಯ್ದೆ ಕುದುರೆ ತೆಗೆದು ಕ್ಯಾಲೆಂಡರ್ ಇಟ್ಟಿತು: ಖಾಸಗಿ ಜಮೀನನ್ನು ಒಡೆಯನ ಕಣ್ಣೆದುರೇ ನಂದೆಂದು 12 ವರ್ಷ ಅನುಭವಿಸಿದರೆ ಅವನ ದಾವೆಗೆ ಕಾಲ ಮೀರುತ್ತದೆ, ಸರ್ಕಾರದ್ದಾದರೆ 30.

ಮೂರನೆಯದು ಬೌದ್ಧಿಕ ಆಸ್ತಿ. ಹಲಸಿಗೆ ಬುದ್ಧಿಯೆಲ್ಲಿ ಎನ್ನುವವರು ಇದೇ ತಾಲ್ಲೂಕಿನ ಚೇಳೂರಿಗೆ ಹೋಗಬೇಕು. ಅಲ್ಲಿನ ರೈತರೊಬ್ಬರ ಅಪ್ಪ ನೆಟ್ಟ ಮರ, ತಾಮ್ರದ ಕೆಂಪಿನ ತೊಳೆ, ಹಣ್ಣು ಪುಟ್ಟದು. 2017ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದಕ್ಕೆ ಅಪ್ಪನ ಹೆಸರಲ್ಲೇ 'ಸಿದ್ದು' ಎಂದು ನಾಮಕರಣ ಮಾಡಿ, ಕಸಿ ಗಿಡದ ಮಾರಾಟದಲ್ಲಿ ನೂರಕ್ಕೆ 75 ರೈತನಿಗೆ ಎಂದು ಒಪ್ಪಂದ ಮಾಡಿಕೊಂಡಿತು. ಮಣ್ಣು ಹೋಗಲಿಲ್ಲ, ಮರ ಕದಲಲಿಲ್ಲ, ಕೈ ಬದಲಾಯಿಸಿದ್ದು ಕಸಿ ಕಡ್ಡಿ. ಬೀಜ ಬಿತ್ತಿ ಮೋಸ ಮಾಡೋಣವೆಂದರೆ ಹಲಸು ಅದಕ್ಕೂ ಬಿಡದು: ಪರಕೀಯ ಪರಾಗಸ್ಪರ್ಶದ ಮರ, ಮಗು ತಾಯಿಯನ್ನು ಹೋಲುವ ಖಾತ್ರಿಯಿಲ್ಲ. ಪಾರ್ಲಿಮೆಂಟಿಗಿಂತ ಮೊದಲೇ ಹಲಸು ತನ್ನ ಹಕ್ಕು ಕಾಯ್ದುಕೊಂಡಿತ್ತು. 2001ರ ತಳಿ ಸಂರಕ್ಷಣೆ ಕಾಯ್ದೆ ಬೀಜ ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಧಾರಾಳವಾಗಿ ಬಿಟ್ಟಿದೆ. ಹಲಸಿನ ಬೀಜದ ಮಟ್ಟಿಗೆ ಆ ಹಕ್ಕು ಬಹುಪಾಲು ಸಾರಿನಲ್ಲೇ ಚಲಾವಣೆಯಾಗುತ್ತದೆ.

ಒಂದು ಆಸ್ತಿ ಮಾತ್ರ ಮೂರೂ ಅಧ್ಯಾಯದಿಂದ ಜಾರುತ್ತದೆ: ಮೇಣ. ಮರದೊಳಗಿರುವಾಗ ರಸ, ಆದ್ದರಿಂದ 1908ರ ಕಾಯ್ದೆಯಂತೆ ಚರ. ಕೈಗೆ ಹತ್ತಿದ ಮೇಲೆ ಕದಲುವುದಿಲ್ಲ, ಆದ್ದರಿಂದ ಸ್ಥಿರ. ತಿಂದವನು ಬೇಡವೆಂದರೂ ಅನುಭವದಲ್ಲಿರುತ್ತದೆ. ಇದರ ಹಕ್ಕು ಖುಲಾಸೆಗೆ ಗುಬ್ಬಿಯ ಕಚೇರಿಗೆ ಹೋಗಬೇಕಿಲ್ಲ. ಅಂಗೈಯಷ್ಟು ಕೊಬ್ಬರಿ ಎಣ್ಣೆ ಸಾಕು, ಛಾಪಾ ಕಾಗದ ಬೇಡ, ಸಾಕ್ಷಿಗೆ ತೊಳೆ ಬಿಡಿಸಿಕೊಟ್ಟ ಅತ್ತಿಗೆಯೊಬ್ಬಳಿದ್ದರೆ ಆಯಿತು.